ಬ್ಯಾಟರಿ ಬದಲಿಸುವ ಮೊದಲು ಅಳೆದು ನೋಡಿ: ಕಾರಿನ ಕರೆಂಟಿನ ಕೆಲಸ ಮನೆಯಲ್ಲೇ

ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಎತ್ತುವುದಿಲ್ಲ. ಬ್ಯಾಟರಿ ಹೋಯಿತು ಎಂದುಕೊಂಡು ಹೆಚ್ಚಿನವರು ನೇರ ಬ್ಯಾಟರಿ ಅಂಗಡಿಗೆ ಫೋನ್ ಮಾಡುತ್ತಾರೆ. ಹೊಸದು ಕೂರಿಸಿದ ತಿಂಗಳಿಗೆ ಅದೇ ಕಥೆ ಮತ್ತೆ ಶುರುವಾದಾಗಲೇ ತೊಂದರೆ ಬೇರೆಲ್ಲೋ ಇತ್ತು ಎಂದು ಗೊತ್ತಾಗುವುದು. ಸೆಲ್ಫ್ ಎತ್ತದಿರಲು ಸಾಮಾನ್ಯವಾಗಿ ಐದು ಕಾರಣ: ಬ್ಯಾಟರಿಯೇ ಸವೆದಿರಬಹುದು, ಟರ್ಮಿನಲ್ ಅಥವಾ ಅರ್ತ್ (ಬ್ಯಾಟರಿಯ ಮೈನಸ್ಸನ್ನು ಬಾಡಿ, ಎಂಜಿನ್‌ಗೆ ಜೋಡಿಸುವ ಕೇಬಲ್) ಕೊಳೆ ಹಿಡಿದಿರಬಹುದು, ಎಂಜಿನ್ ಓಡುವಾಗ ಕರೆಂಟ್ ಉತ್ಪಾದಿಸುವ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡದಿರಬಹುದು, ಗಾಡಿ ನಿಂತಾಗ ಕರೆಂಟ್ ಸೋರುತ್ತಿರಬಹುದು, ಇಲ್ಲವೇ ಸೆಲ್ಫ್ ಮೋಟಾರ್ ಕೆಟ್ಟಿರಬಹುದು. ಯಾವುದೆಂದು ಹೇಳಲು ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ (ವೋಲ್ಟ್, ಆಂಪಿಯರ್ ಅಳೆಯುವ ಮೀಟರ್) ಒಂದಿದ್ದರೆ ಬಹುಪಾಲು ಸಾಕು.

ಇಲ್ಲಿ ಹೇಳುವುದೆಲ್ಲ ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವ 35 ಆಂಪಿಯರ್-ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿಯ ಸಣ್ಣ ಪೆಟ್ರೋಲ್ ಕಾರಿಗೆ. ಡೀಸೆಲ್ ಗಾಡಿಯಲ್ಲಿ ಬ್ಯಾಟರಿ ದೊಡ್ಡದು, ವಿಧಾನ ಅದೇ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲೂ 12 ವೋಲ್ಟ್‌ನ ಚಿಕ್ಕ ಬ್ಯಾಟರಿ ಇರುತ್ತದೆ. ಆದರೆ ಅವುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಾಕಲೇಬಾರದು. ಅದರಲ್ಲಿ ಹರಿಯುವುದು ಜೀವ ತೆಗೆಯುವಷ್ಟು ವೋಲ್ಟೇಜ್.

ಕೈ ಹಾಕುವ ಮೊದಲು

ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬೀಡಿ, ಸಿಗರೇಟು, ಊದಿನಕಡ್ಡಿ ಯಾವುದೂ ಹತ್ತಿರ ಬೇಡ. ಉಂಗುರ, ಬಳೆ, ಲೋಹದ ವಾಚು ಬಿಚ್ಚಿಡಿ. ಪ್ಲಸ್ ಟರ್ಮಿನಲ್ ಮತ್ತು ಬಾಡಿಯ ನಡುವೆ ಉಂಗುರ ಸಿಕ್ಕಿಕೊಂಡರೆ ಕ್ಷಣದಲ್ಲಿ ಕೆಂಪಗೆ ಕಾದು ಬೆರಳು ಸುಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲಿ. ಆಸಿಡ್ ಮೈಮೇಲೆ ಬಿದ್ದರೆ ಧಾರಾಳ ನೀರು ಹಾಕಿ ತೊಳೆಯಿರಿ. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ನೀರು ಬಿಡುತ್ತಲೇ ಇದ್ದು, ತಕ್ಷಣ ಡಾಕ್ಟರ ಬಳಿ ಹೋಗಿ.

ಬೇಕಾದ ಸಾಮಾನು ಕಡಿಮೆ: ಹತ್ತು ಮಿಲಿಮೀಟರಿನ ಸ್ಪಾನರ್, ಹಳೆ ಹಲ್ಲುಜ್ಜುವ ಬ್ರಷ್, ಅಡುಗೆ ಸೋಡಾ, ಒಂದು ತುಂಡು ಎಮರಿ ಪೇಪರ್, ವ್ಯಾಸಲೀನ್, ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, ಒಂದು ಪ್ಯಾಕೆಟ್ ಫ್ಯೂಸ್.

ಶಬ್ದದಲ್ಲೇ ಅರ್ಧ ಉತ್ತರ

ಕೀ ತಿರುಗಿಸಿದಾಗ ಬರುವ ಸದ್ದನ್ನು ಗಮನಿಸಿ. ‘ಟಿಕ್ ಟಿಕ್ ಟಿಕ್’ ಎಂದು ಬೇಗಬೇಗ ಬಡಿದರೆ ಚಾರ್ಜ್ ಇಳಿದಿದೆ, ಇಲ್ಲವೇ ಟರ್ಮಿನಲ್ ಸರಿಯಾಗಿ ಕೂತಿಲ್ಲ. ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾದರೆ, ಲೈಟುಗಳೂ ಚೆನ್ನಾಗಿ ಉರಿಯುತ್ತಿದ್ದರೆ, ಸಂಶಯ ಸೆಲ್ಫ್ ಮೋಟಾರ್ ಅಥವಾ ಅದರ ದಪ್ಪ ಕೇಬಲ್ ಮೇಲೆ. ಯಾವ ಸದ್ದೂ ಇಲ್ಲ, ಡ್ಯಾಶ್‌ಬೋರ್ಡ್‌ನ ದೀಪಗಳೂ ಇಲ್ಲ ಎಂದರೆ ಟರ್ಮಿನಲ್ ಕಳಚಿದೆಯೋ ಮುಖ್ಯ ಫ್ಯೂಸ್ ಹೋಗಿದೆಯೋ ನೋಡಬೇಕು. ಸೆಲ್ಫ್ ಆರಾಮಾಗಿ ತಿರುಗುತ್ತಿದೆ, ಎಂಜಿನ್ ಮಾತ್ರ ಹಿಡಿಯುತ್ತಿಲ್ಲ ಎಂದರೆ ಬ್ಯಾಟರಿಯದು ತಪ್ಪಿಲ್ಲ. ಪೆಟ್ರೋಲ್ ಅಥವಾ ಇಗ್ನಿಷನ್ ಕಡೆ ಹುಡುಕಿ.

ಟರ್ಮಿನಲ್: ಹಾರ್ನ್ ಬರುತ್ತದೆ, ಸೆಲ್ಫ್ ಏಕಿಲ್ಲ?

‘ಲೈಟ್ ಉರಿಯುತ್ತೆ, ಹಾರ್ನ್ ಬರುತ್ತೆ, ಆದ್ರೆ ಸ್ಟಾರ್ಟ್ ಆಗಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಕೊಳೆ ಹಿಡಿದ ಟರ್ಮಿನಲ್. ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಟರ್ಮಿನಲ್ ಕಂಬ ಮತ್ತು ಅದನ್ನು ಹಿಡಿದಿರುವ ಕೇಬಲ್ ತುದಿಯ ಕ್ಲಾಂಪ್ ನಡುವಿನ ಪುಡಿ 0.02 ಓಮ್‌ನಷ್ಟು ಮಾತ್ರ ತಡೆ ಒಡ್ಡುತ್ತಿದೆ ಎಂದುಕೊಳ್ಳಿ. ಎರಡೂ ಹೆಡ್‌ಲೈಟ್ ಸೇರಿ ಎಳೆಯುವುದು 9 ಆಂಪಿಯರ್ ಆಸುಪಾಸು, ಅಲ್ಲಿ ಕಳೆದುಹೋಗುವುದು 0.18 ವೋಲ್ಟ್. ದೀಪ ಮಂಕಾದದ್ದು ಕಣ್ಣಿಗೂ ತಿಳಿಯುವುದಿಲ್ಲ. ಅದೇ ದಾರಿಯಲ್ಲಿ ಸೆಲ್ಫ್ 150 ಆಂಪಿಯರ್ ಎಳೆದರೆ 3 ವೋಲ್ಟ್ ಆ ಪುಡಿಯಲ್ಲೇ ಉಳಿದುಬಿಡುತ್ತದೆ. ಮೋಟಾರಿಗೆ ತಲುಪುವ ಕರೆಂಟ್ ತಿರುಗಲು ಸಾಲುವುದಿಲ್ಲ. ಬ್ಯಾಟರಿ ಗಟ್ಟಿಮುಟ್ಟಾಗಿದ್ದರೂ ಗಾಡಿ ನಿಂತುಬಿಡುತ್ತದೆ.

ಸ್ವಚ್ಛ ಮಾಡುವ ಕ್ರಮ ಹೀಗೆ. ಇಗ್ನಿಷನ್ ಆಫ್ ಮಾಡಿ, ಕೀ ಹೊರತೆಗೆದು ಜೇಬಿಗೆ ಹಾಕಿ, ಎರಡು ಮೂರು ನಿಮಿಷ ಕಾಯಿರಿ. ಬ್ಯಾಟರಿ ಬಿಚ್ಚಿದ ಮೇಲೆ ಸೆಂಟ್ರಲ್ ಲಾಕ್ ಕೆಲಸ ಮಾಡದು, ಕೀ ಒಳಗೆ ಉಳಿದರೆ ಫಜೀತಿ. ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ಗಡಿಯಾರವನ್ನೂ ಕೆಲವು ಕಾರುಗಳಲ್ಲಿ ಪವರ್ ವಿಂಡೋದ ಆಟೋ ಸೆಟ್ಟಿಂಗನ್ನೂ ಆಮೇಲೆ ಮತ್ತೆ ಹೊಂದಿಸಬೇಕಾಗುತ್ತದೆ.

ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಮರಳಿ ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಇದು ಬರೀ ಶಾಸ್ತ್ರವಲ್ಲ. ಕಾರಿನ ಬಾಡಿಯೆಲ್ಲ ಮೈನಸ್ಸೇ. ಮೈನಸ್ ಇನ್ನೂ ಕೂತಿರುವಾಗ ಪ್ಲಸ್ ಬಿಚ್ಚುತ್ತಿರುವ ಸ್ಪಾನರ್‌ನ ಬಾಲ ಬಾಡಿಗೆ ತಾಗಿದರೆ ನೇರ ಶಾರ್ಟ್. ಮೈನಸ್ ತೆಗೆದಿದ್ದರೆ ತಾಗಿದರೂ ಏನಾಗದು.

ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ, ಬ್ರಷ್‌ನಲ್ಲಿ ಕಂಬಕ್ಕೂ ಕ್ಲಾಂಪಿನ ಒಳಭಾಗಕ್ಕೂ ಹಚ್ಚಿ. ಬುಸುಬುಸು ನೊರೆ ಬರುತ್ತದೆ, ಅದು ಆಸಿಡ್ ಮುರಿಯುತ್ತಿರುವ ಗುರುತು. ನೊರೆ ನಿಲ್ಲುವವರೆಗೆ ಹಚ್ಚಿ, ಮಿತವಾಗಿ ನೀರು ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಮುಚ್ಚಳಗಳಿರುವ ಬ್ಯಾಟರಿಯಾದರೆ ಆರೂ ಭದ್ರವಾಗಿವೆಯೇ ಮೊದಲೇ ನೋಡಿಕೊಳ್ಳಿ, ಸೋಡಾ ಒಂದು ಹನಿ ಒಳಗಿಳಿದರೂ ಆ ಸೆಲ್‌ನ ಆಸಿಡ್ ಕೆಡುತ್ತದೆ. ಆಮೇಲೆ ಎಮರಿ ಪೇಪರ್‌ನಿಂದ ಸೀಸದ ಹೊಳಪು ಕಾಣುವಷ್ಟು ಮಾತ್ರ ಉಜ್ಜಿ.

ಕ್ಲಾಂಪನ್ನು ಕಂಬದ ಬುಡದವರೆಗೆ ಕೈಯಿಂದಲೇ ಒತ್ತಿ ಕೂರಿಸಿ. ಸುತ್ತಿಗೆ ಬೇಡ. ಸೀಸ ಮೆತ್ತನೆಯದು, ಬಡಿದರೆ ಕಂಬದ ಬುಡ ಬಿರುಕು ಬಿಟ್ಟು ಅಲ್ಲಿಂದಲೇ ಆಸಿಡ್ ಒಸರುತ್ತದೆ. ನಟ್ಟು ಬಿಗಿಯಲು ಮಣಿಕಟ್ಟಿನ ಬಲ ಸಾಕು, ಕೈಯಲ್ಲಿ ತಿರುಚಿದರೆ ಕ್ಲಾಂಪ್ ಅಲುಗಬಾರದು ಅಷ್ಟೇ. ಎಲ್ಲ ಮುಗಿದ ಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಸವರಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಓಡುವ ಗಾಡಿಗೆ ಮೂರು ತಿಂಗಳಿಗೊಮ್ಮೆ ಈ ಕೆಲಸ ಬೇಕು, ಉಳಿದೆಡೆ ಆರು ತಿಂಗಳಿಗೊಮ್ಮೆ ನಡೆದೀತು.

ಬಾನೆಟ್ ತೆರೆದಾಗಲೇ ಬ್ಯಾಟರಿಯನ್ನು ಹಿಡಿದು ಅಲುಗಾಡಿಸಿ ನೋಡಿ. ಹಿಡಿಕೆ ಪಟ್ಟಿ ಸಡಿಲವಿದ್ದರೆ ನಮ್ಮ ಹಂಪುಗಳ ಮೇಲೆ ಬ್ಯಾಟರಿ ಕುಣಿದು, ಒಳಗಿನ ಪ್ಲೇಟಿನ ಮೇಲಿನ ಪದಾರ್ಥ ಉದುರಿ ಆಯಸ್ಸು ಬೇಗ ಮುಗಿಯುತ್ತದೆ.

ನೀರು

ಮುಚ್ಚಳವಿರುವ ಬ್ಯಾಟರಿಯಲ್ಲಿ ನೀರಿನ ಮಟ್ಟ ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವೆ ಇರಬೇಕು. ಗೆರೆ ಕಾಣದಿದ್ದರೆ ಪ್ಲೇಟುಗಳಿಂದ ಸುಮಾರು 10 ಮಿಲಿಮೀಟರ್ ಮೇಲಿರಲಿ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಆರ್‌ಓ ನೀರಿನಲ್ಲಿ ಲವಣ ಉಳಿದಿರುತ್ತದೆ, ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಕಾಯಿಲ್‌ನ ಧೂಳು ಮತ್ತು ಲೋಹದ ಅಂಶ ಸೇರಿರುತ್ತದೆ. ಆಸಿಡ್ ಅಂತೂ ಹಾಕಲೇಬೇಡಿ. ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಉಳಿದಿದೆ. ಮತ್ತೆ ಆಸಿಡ್ ಸುರಿದರೆ ಅದು ಗಟ್ಟಿಯಾಗಿ ಪ್ಲೇಟು ತಿನ್ನುತ್ತದೆ.

ಚಾರ್ಜ್ ಆದ ಮೇಲೆ ನೀರು ಹಾಕುವುದು ಸರಿ, ಏಕೆಂದರೆ ಚಾರ್ಜ್ ಆಗುವಾಗ ಒಳಗಿನ ದ್ರವ ಉಬ್ಬುತ್ತದೆ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ. ಆರು ಸೆಲ್‌ಗಳಲ್ಲಿ ಒಂದೇ ಸೆಲ್ ಪದೇಪದೇ ಬತ್ತುತ್ತಿದ್ದರೆ ಆ ಸೆಲ್ ಕೆಟ್ಟಿದೆ. ಆರೂ ಬೇಗ ಬತ್ತುತ್ತಿದ್ದರೆ ಆಲ್ಟರ್ನೇಟರ್ ಅತಿಯಾಗಿ ಚಾರ್ಜ್ ಮಾಡುತ್ತಿದೆ.

ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು. ಬ್ಯಾಟರಿಯ ನಿಜವಾದ ಶತ್ರು ಶಾಖ. ಬಿಸಿ 10 ಡಿಗ್ರಿ ಏರಿದರೆ ಒಳಗಿನ ಸವೆತದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನೆರಳಲ್ಲಿ ನಿಲ್ಲಿಸುವ ಗಾಡಿಯ ಬ್ಯಾಟರಿ ಹೆಚ್ಚು ಬಾಳುವುದು ಇದೇ ಕಾರಣಕ್ಕೆ.

ನೀರು ಹಾಕಬೇಕಿಲ್ಲದ ಮೆಂಟೆನೆನ್ಸ್ ಫ್ರೀ ಬ್ಯಾಟರಿಯ ಮೇಲೆ ಚಾರ್ಜ್ ತೋರಿಸುವ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ. ಅದು ಆರರಲ್ಲಿ ಒಂದು ಸೆಲ್‌ನ ಸ್ಥಿತಿ ಮಾತ್ರ ಹೇಳುತ್ತದೆ.

ಮೀಟರ್ ಇಟ್ಟು ಮೂರು ಪರೀಕ್ಷೆ

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಪಿನ್ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ.

ಮೊದಲನೆಯದು ವಿಶ್ರಾಂತಿಯ ವೋಲ್ಟೇಜ್. ಗಾಡಿ ನಿಲ್ಲಿಸಿ ಕನಿಷ್ಠ ನಾಲ್ಕು ಗಂಟೆ ಆಗಿರಬೇಕು, ಬೆಳಿಗ್ಗೆ ಕೀ ತಿರುಗಿಸುವ ಮೊದಲೇ ಅಳೆದರೆ ಇನ್ನೂ ಚೆನ್ನ. ಓಡಿಸಿ ಬಂದ ತಕ್ಷಣ ಅಳೆದರೆ ಮೇಲ್ಪದರದ ಚಾರ್ಜ್‌ನಿಂದ ಸುಳ್ಳು ಅಂಕಿ ತೋರಿಸುತ್ತದೆ. 12.6 ಅಥವಾ ಮೇಲಿದ್ದರೆ ಪೂರ್ತಿ ಚಾರ್ಜ್. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಉಳಿದಿದೆ. ವ್ಯತ್ಯಾಸ ಇಷ್ಟು ಸಣ್ಣದಿರುವುದರಿಂದಲೇ ‘12 ವೋಲ್ಟ್ ತೋರಿಸ್ತಿದೆ, ಬ್ಯಾಟರಿ ಸರಿಯಿದೆ’ ಎನ್ನುವ ಮಾತು ದಾರಿ ತಪ್ಪಿಸುತ್ತದೆ. 12.4ಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗುವುದಿಲ್ಲ.

ಎರಡನೆಯದಕ್ಕೆ ಇನ್ನೊಬ್ಬರ ಸಹಾಯ ಬೇಕು. ಅವರು ಸೆಲ್ಫ್ ಹೊಡೆಯುವಾಗ ನೀವು ಮೀಟರ್ ನೋಡಿ. ಪೂರ್ತಿ ಚಾರ್ಜ್ ಇದ್ದ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ವಿಶ್ರಾಂತಿಯಲ್ಲಿ 12.6 ತೋರಿಸಿ ಸೆಲ್ಫ್ ಹೊಡೆದಾಗ 8ಕ್ಕೆ ಕುಸಿದರೆ ಆ ಬ್ಯಾಟರಿಯ ಕಾಲ ಮುಗಿದಿದೆ ಎಂದು ಧೈರ್ಯವಾಗಿ ಹೇಳಬಹುದು. 12.1 ಇದ್ದಾಗ ಕುಸಿದರೆ ಇನ್ನೂ ತೀರ್ಪು ಕೊಡಬೇಡಿ. ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ.

ಮೂರನೆಯದು ಆಲ್ಟರ್ನೇಟರ್, ಹಳೆ ಮೆಕ್ಯಾನಿಕ್‌ಗಳ ಬಾಯಲ್ಲಿ ಈಗಲೂ ಡೈನಮೋ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಎಸಿ ಬ್ಲೋವರ್ ಹಾಕಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದಾಗಲೂ 13.5ರ ಕೆಳಗೆ ಬರಬಾರದು. 13ಕ್ಕಿಂತ ಕಡಿಮೆ ಇದ್ದರೆ ಬೆಲ್ಟ್ ಸಡಿಲವಾಗಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು, ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋಗಿರಬಹುದು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿರುವುದು ಹೆಚ್ಚುಕಡಿಮೆ ಖಾತ್ರಿ. ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಪದೇಪದೇ ಹೋಗುತ್ತವೆ. ಇವೆರಡರಲ್ಲಿ ಯಾವುದಿದ್ದರೂ ಹೊಸ ಬ್ಯಾಟರಿ ಹಾಕಿಸುವುದು ದುಡ್ಡು ನೀರಿಗೆ ಹಾಕಿದಂತೆ. ಒಂದು ಎಚ್ಚರಿಕೆ: ಬ್ರೇಕ್ ಹಾಕುವಾಗ ಹೆಚ್ಚು ಚಾರ್ಜ್ ಮಾಡಿ, ಉಳಿದ ಹೊತ್ತು ಕಡಿಮೆ ಮಾಡುವ ಸ್ಮಾರ್ಟ್ ಆಲ್ಟರ್ನೇಟರ್ ಇರುವ ಹೊಸ ಕಾರುಗಳಲ್ಲಿ ಅಂಕಿ 12.5ರಿಂದ 15ರವರೆಗೆ ಏರಿಳಿಯುವುದು ಸಹಜ. ಅಲ್ಲಿ ಒಂದು ಕ್ಷಣದ ಅಂಕಿ ನೋಡಿ ಗಾಬರಿಯಾಗಬೇಡಿ.

ಅರ್ತ್ ಕೇಬಲ್ ಕೂಡ ಇದೇ ಮೀಟರ್‌ಗೆ ಸಿಕ್ಕಿಬೀಳುತ್ತದೆ. ಒಂದು ಪಿನ್ ಬ್ಯಾಟರಿಯ ಮೈನಸ್ ಕಂಬದ ನೆತ್ತಿಗೆ, ಕ್ಲಾಂಪಿಗಲ್ಲ. ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಸೆಲ್ಫ್ ಹೊಡೆದಾಗ 0.2 ವೋಲ್ಟ್ ಒಳಗಿದ್ದರೆ ಸರಿ. 0.5 ದಾಟಿದರೆ ಎಂಜಿನ್ ಮತ್ತು ಬಾಡಿ ನಡುವಿನ ಕೇಬಲ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಿರಿ. ಇಂಡಿಕೇಟರ್ ಹಾಕಿದರೆ ಹಿಂದಿನ ಬೇರೆ ದೀಪವೂ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್ ಮಂಕಾಗುತ್ತದೆ ಎನ್ನುವ ವಿಚಿತ್ರಗಳೆಲ್ಲ ಹೆಚ್ಚಾಗಿ ಅರ್ತ್‌ನದ್ದೇ.

ನಿಂತಲ್ಲೇ ಇಳಿಯುವ ಬ್ಯಾಟರಿ

ಕಾರು ಲಾಕ್ ಆಗಿ ನಿಂತಾಗಲೂ ಅಲಾರಂ, ಕೀ ರಿಸೀವರ್, ಗಡಿಯಾರಗಳಿಗೆ ಒಂದಿಷ್ಟು ಕರೆಂಟ್ ಹೋಗುತ್ತಿರುತ್ತದೆ. 50 ಮಿಲಿಆಂಪಿಯರ್ ಒಳಗಿದ್ದರೆ ಸಹಜ. ಅಷ್ಟೇ ಇದ್ದರೂ ದಿನಕ್ಕೆ 1.2 ಆಂಪಿಯರ್-ಅವರ್ ಹೋಗುತ್ತದೆ, ಎರಡು ವಾರದಲ್ಲಿ 35ರ ಬ್ಯಾಟರಿ ಅರ್ಧಕ್ಕೆ ಇಳಿಯುತ್ತದೆ. ಊರಿಗೆ ಹೋಗುವಾಗ ಮೈನಸ್ ಬಿಚ್ಚಿಟ್ಟು ಹೋಗಿ ಎನ್ನುವುದು ಇದಕ್ಕೇ. ಸೋರಿಕೆ 300 ಮಿಲಿಆಂಪಿಯರ್ ಆದರೆ ಎರಡೂವರೆ ದಿನಕ್ಕೇ ಅರ್ಧ ಖಾಲಿ.

ಅಳೆಯುವುದಕ್ಕೆ ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಗುಂಡಿಯನ್ನೂ ಅಲ್ಲಿಗೇ ತಿರುಗಿಸಿ. ಮೈನಸ್ ಕ್ಲಾಂಪ್ ಬಿಚ್ಚಿ, ಒಂದು ಪಿನ್ ಕ್ಲಾಂಪಿಗೆ, ಇನ್ನೊಂದು ಕಂಬಕ್ಕೆ ಹಿಡಿಸಿ. ಬಾಗಿಲುಗಳೆಲ್ಲ ಮುಚ್ಚಿರಲಿ. ಮೊದಲು ಅಂಕಿ ದೊಡ್ಡದಿರುತ್ತದೆ, ಗಾಡಿಯ ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆಯಾದರೂ ಬಿಡಿ. ಈ ಹೊತ್ತಿನಲ್ಲಿ ಇಗ್ನಿಷನ್ ಆನ್ ಮಾಡಬೇಡಿ, ಸೆಲ್ಫ್ ಹೊಡೆಯಲೇಬೇಡಿ, ಮೀಟರ್ ಸುಟ್ಟುಹೋಗುತ್ತದೆ. ಆಮೇಲೂ ಅಂಕಿ ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಧಡಕ್ಕನೆ ಇಳಿಯುತ್ತದೋ ಸೋರಿಕೆ ಅದೇ ದಾರಿಯಲ್ಲಿದೆ. ಹೆಚ್ಚಿನ ಸಲ ಸಿಕ್ಕಿಬೀಳುವವು ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಪಾರ್ಕಿಂಗ್ ಮೋಡ್‌ನ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಆರದೇ ಉಳಿಯುವ ಡಿಕ್ಕಿ ಲೈಟು. ಯಾವ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಆಲ್ಟರ್ನೇಟರಿನ ಡಯೋಡ್ ಮೇಲೆ ಸಂಶಯಪಡಬೇಕು.

ಕೆಲಸ ಮುಗಿದ ಕೂಡಲೇ ಕೆಂಪು ವೈರನ್ನು ವೋಲ್ಟ್ ತೂತಿಗೆ ಮರಳಿಸಿ. ಇದನ್ನು ಮರೆತು ಮುಂದಿನ ಸಲ ಬ್ಯಾಟರಿಗೆ ಪಿನ್ ಇಟ್ಟರೆ ಮೀಟರ್ ಮೂಲಕವೇ ಶಾರ್ಟ್ ಆಗುತ್ತದೆ.

ಫ್ಯೂಸ್, ಬಲ್ಬ್

ಬ್ಲೇಡ್ ಫ್ಯೂಸ್‌ಗಳ ಬಣ್ಣ ಎಲ್ಲೆಡೆ ಒಂದೇ: ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಹೋದದ್ದು ಎಷ್ಟರದೋ ಅಷ್ಟರದೇ ಹಾಕಿ. ಫ್ಯೂಸ್ ಕಾಪಾಡುವುದು ವೈರನ್ನು. 10ರ ಜಾಗಕ್ಕೆ 20 ಹಾಕಿದರೆ, ಸಿಗರೇಟು ಪ್ಯಾಕಿನ ಹಾಳೆ ಸುತ್ತಿದರೆ, ಮುಂದಿನ ಸಲ ಫ್ಯೂಸ್ ಬದಲು ಡ್ಯಾಶ್‌ಬೋರ್ಡ್ ಒಳಗಿನ ವೈರೇ ಕಾದು ಉರಿಯುತ್ತದೆ. ಅದೇ ಫ್ಯೂಸ್ ಎರಡು ಸಲ ಹೋದರೆ ಮೂರನೆಯದು ಹಾಕುವ ಮೊದಲು ಶಾರ್ಟ್ ಹುಡುಕಿ. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಒಳಗೆ ಇಲಿ ಸೇರುವುದು ಸಾಮಾನ್ಯ, ಮೊದಲು ಕಡಿದ ವೈರಿಗಾಗಿ ನೋಡಿ.

ಎಚ್4 ಹೆಡ್‌ಲೈಟ್ ಬಲ್ಬ್ 60/55 ವ್ಯಾಟ್‌ನದು. ಗಾಜನ್ನು ಬೆರಳಲ್ಲಿ ಮುಟ್ಟಬೇಡಿ, ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ. ಹೆಚ್ಚು ಬೆಳಕಿನ ಆಸೆಗೆ 100 ವ್ಯಾಟ್ ಹಾಕಿಸಿದರೆ 5 ಆಂಪಿಯರ್‌ಗಾಗಿ ಮಾಡಿದ ವೈರ್, ಸ್ವಿಚ್‌ಗಳಲ್ಲಿ 8ಕ್ಕೂ ಹೆಚ್ಚು ಹರಿದು ಹೋಲ್ಡರ್ ಕರಗುತ್ತದೆ.

ಆಯುಧಪೂಜೆಗೆ ಗಾಡಿ ತೊಳೆಯುವಾಗ ಎಂಜಿನ್ ಮೇಲೆ ಪ್ರೆಷರ್ ಪಂಪ್ ಹಿಡಿಸಬೇಡಿ. ಫ್ಯೂಸ್ ಬಾಕ್ಸ್, ಆಲ್ಟರ್ನೇಟರ್, ಕನೆಕ್ಟರ್‌ಗಳೊಳಗೆ ನೀರು ನುಗ್ಗಿದರೆ ಹಬ್ಬದ ಮರುದಿನವೇ ಗ್ಯಾರೇಜಿನ ದಾರಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಚಾರ್ಜ್ ಮತ್ತು ಜಂಪ್

ಚಾರ್ಜರ್‌ನ ಆಂಪಿಯರ್ ಬ್ಯಾಟರಿಯ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟಿರಲಿ, 35ಕ್ಕೆ 3.5. ಅರ್ಧ ಇಳಿದ ಬ್ಯಾಟರಿಗೆ ಏಳೆಂಟು ಗಂಟೆ ಬೇಕು. ಮೊದಲು ಕ್ಲಿಪ್ ಹಾಕಿ, ಆಮೇಲೆ ಗೋಡೆಯ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್. ಮನೆಯ ಯುಪಿಎಸ್ಸಿಗೆ ಕಾರಿನ ಬ್ಯಾಟರಿ ಜೋಡಿಸುವವರಿದ್ದಾರೆ, ಅದು ತಪ್ಪು. 150ರ ಬ್ಯಾಟರಿಗೆಂದು ಮಾಡಿದ ಆ ಚಾರ್ಜಿಂಗ್ 35ರದನ್ನು ಕಾಯಿಸಿ ಕೆಡಿಸುತ್ತದೆ. ಗೇಟಿನೊಳಗೆ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದರಿಂದಲೂ ಲಾಭವಿಲ್ಲ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ಹೊರಗೆ ಓಡಿಸಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಸಿ, ಲೈಟು ಹಾಕಿ ತೆವಳುವ ಮೂರು ಕಿಲೋಮೀಟರ್ ಅದಕ್ಕೆ ಸಾಲದು.

ಜಂಪ್ ಕೊಡುವಾಗ ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೆಯದರ ಪ್ಲಸ್ಸಿಗೆ. ಕಪ್ಪು ಮೊದಲು ಒಳ್ಳೆಯದರ ಮೈನಸ್ಸಿಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಅದು ಹೈಡ್ರೋಜನ್ ಇರುವ ಕಡೆ ಹಾರಬಾರದು. ಒಳ್ಳೆ ಗಾಡಿ ಐದು ನಿಮಿಷ ಓಡಲಿ, ಆಮೇಲೆ ಸೆಲ್ಫ್ ಹೊಡೆಯಿರಿ. ಬಿಚ್ಚುವುದು ತಿರುಗಾ ಕ್ರಮದಲ್ಲಿ. ಬ್ಯಾಟರಿ ಉಬ್ಬಿದ್ದರೆ, ಒಡೆದಿದ್ದರೆ ಜಂಪ್ ಬೇಡವೇ ಬೇಡ.

ಹೊಸದು ತಗೊಳ್ಳಲೇಬೇಕಾದಾಗ

ಮೂರೂ ಪರೀಕ್ಷೆ ಮಾಡಿ ಬ್ಯಾಟರಿಯದ್ದೇ ದೋಷ ಎಂದು ಖಾತ್ರಿಯಾದರೆ ಹಳೆಯದರ ಮೇಲಿನ ಸಂಖ್ಯೆ ಬರೆದುಕೊಂಡು ಹೋಗಿ. 38ಬಿ20ಎಲ್ ಎಂದಿದ್ದರೆ 20 ಎನ್ನುವುದು ಸೆಂಟಿಮೀಟರಿನಲ್ಲಿ ಸುಮಾರು ಉದ್ದ, ಎಲ್ ಎನ್ನುವುದು ಟರ್ಮಿನಲ್ ಯಾವ ಬದಿಗೆ ಎಂಬುದು. ಎಲ್ ಬದಲು ಆರ್ ತಂದರೆ ಕೇಬಲ್ ಎಟುಕುವುದಿಲ್ಲ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಆನ್ ಆಗುವ ಗಾಡಿಗೆ ಪದೇಪದೇ ಸ್ಟಾರ್ಟ್ ಮಾಡಲೆಂದೇ ತಯಾರಿಸಿದ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬ್ಯಾಟರಿಯೇ ಬೇಕು, ಸಾಮಾನ್ಯದ್ದು ಬಾಳುವುದಿಲ್ಲ. ತಯಾರಾದ ತಿಂಗಳು ಕೇಳಿ, ಅಂಗಡಿಯಲ್ಲೇ ನಿಮ್ಮ ಮೀಟರ್ ಇಟ್ಟು ನೋಡಿ. 12.5ಕ್ಕಿಂತ ಕಡಿಮೆ ಇದ್ದರೆ ಬೇರೆ ತುಂಡು ಕೇಳಿ. ವಾರಂಟಿ ಕಾರ್ಡಿನಲ್ಲಿ ಗಾಡಿ ನಂಬರ್, ದಿನಾಂಕ, ಸೀಲು ಮೂರೂ ಬಿದ್ದಿರಲಿ.

ಹಳೆಯದನ್ನು ಗುಜರಿಯ ಗಾಡಿಗೆ ಹಾಕದೆ ಬ್ಯಾಟರಿ ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಡಿತವೂ ಸಿಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಗಲ್ಲಿಯಲ್ಲಿ ಒಡೆದು ಕರಗಿಸಿದರೆ ಸೀಸ ಮಣ್ಣಿಗೂ ಆಡುವ ಮಕ್ಕಳ ಮೈಗೂ ಸೇರುತ್ತದೆ. ಡಿಕ್ಕಿಯಲ್ಲಿ ಒಯ್ಯುವಾಗ ನೆಟ್ಟಗೆ ನಿಲ್ಲಿಸಿ, ಪ್ಲಸ್ ಟರ್ಮಿನಲ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ, ಕೆಳಗೊಂದು ಪ್ಲಾಸ್ಟಿಕ್ ಟ್ರೇ ಇಡಿ.